ಗೆಳೆಯನ ಹೆಸರಲ್ಲಿ ಸಾವಿರ ಕಿಲೋಮೀಟರ್: ಹೊರಡುವ ಮುಂಚೆ ಯಾರೂ ಹೇಳದ ಸಂಗತಿಗಳು

ತೊಡೆಯ ನೋವು ಹೋಯಿತು, ಸೀಟಿನ ಗಾಯವೂ ಒಣಗಿತು. ಇನ್ನೊಂದು ತಿಂಗಳು ಬಿಟ್ಟರೆ ಕಷ್ಟಗಳೆಲ್ಲ ಮರೆತು ಬರೀ ಫೋಟೋ ಉಳಿದುಬಿಡುತ್ತದೆ. ಅದಕ್ಕೇ ಈಗಲೇ ಬರೆಯಲು ಕೂತಿದ್ದೇನೆ. ತೀರಿಕೊಂಡ ಯಾರದೋ ನೆನಪಿಗೆ ಇಂಥದ್ದೊಂದು ಸೈಕಲ್ ಸವಾರಿ ಮಾಡೋಣ ಅಂತ ನಿಮ್ಮ ಗುಂಪಿನಲ್ಲೂ ಮಾತು ಎದ್ದಿದ್ದರೆ, ದಯವಿಟ್ಟು ಟಿ-ಶರ್ಟ್‌ಗೆ ಆರ್ಡರ್ ಕೊಡುವ ಮುಂಚೆ ಇದನ್ನು ಓದಿ.

ನಮ್ಮ ಗೆಳೆಯನಿಗೆ ಲ್ಯುಕೇಮಿಯಾ ಆಗಿತ್ತು, ಅಂದರೆ ರಕ್ತದ ಕ್ಯಾನ್ಸರ್. ಚಿಕಿತ್ಸೆಗೆ ಅಂತ ಅವನು ಮನೆಯಿಂದ ದೂರದ ದೊಡ್ಡ ಆಸ್ಪತ್ರೆಗೆ ಎಷ್ಟೋ ಸಲ ಓಡಾಡಿದ. ನಾವು ತುಳಿದಿದ್ದು ಅದೇ ದಾರಿ. ಹೆದ್ದಾರಿ ಬಿಟ್ಟು ಒಳರಸ್ತೆಗಳಲ್ಲಿ ಸುತ್ತಿದ್ದರಿಂದ ಸಾವಿರ ಕಿಲೋಮೀಟರ್ ದಾಟಿತು. ಕೂಡಿದ ಹಣ ರಕ್ತದ ಕಾಯಿಲೆಯವರಿಗೆ ನೆರವಾಗುವ ಒಂದು ಟ್ರಸ್ಟ್‌ಗೆ. ಜೊತೆಗೆ ಸ್ಟೆಮ್ ಸೆಲ್, ಅಂದರೆ ರಕ್ತ ಹುಟ್ಟಿಸುವ ಮೂಲ ಕೋಶ, ಅದರ ದಾನಿಗಳನ್ನು ಹುಡುಕುವುದು.

ಅವನೇನೂ ಸೈಕಲ್ ಹುಚ್ಚಿನವನಲ್ಲ. ಸೈಕಲ್ ತುಳಿಯುವ ನಮ್ಮನ್ನು ನೋಡಿ ನಗುತ್ತಿದ್ದವನು. ವಿಷಯ ಹೇಳಲು ಮನೆಗೆ ಹೋದಾಗ ಅವನ ತಾಯಿ ಮೊದಲು ಕೇಳಿದ್ದೂ ಅದನ್ನೇ. "ಅವನಿಗೆ ಸೈಕಲ್ ಅಂದ್ರೆ ಆಗ್ತಾನೇ ಇರ್ಲಿಲ್ವಲ್ರೋ. ಏರು ಬಂದ್ರೆ ಇಳಿದು ತಳ್ಳೋನು." ಏನು ಹೇಳಬೇಕೋ ಗೊತ್ತಾಗದೆ ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಅವರೇ, "ಹೋಗ್ಲಿ, ತುಳಿಯೋರು ನೀವು ತಾನೇ, ತುಳೀರಿ" ಅಂದರು.

ಅಷ್ಟಕ್ಕೇ ಒಪ್ಪಿಗೆ ಸಿಕ್ಕಿತು ಅಂದುಕೊಂಡು ಎದ್ದುಬರಬೇಡಿ. ಒಪ್ಪಿಗೆ ಅನ್ನೋದು ಒಂದೇ ಮಾತಿನಲ್ಲಿ ಮುಗಿಯುವುದಿಲ್ಲ. ತಾಯಿಗೆ ಆಸ್ಪತ್ರೆಯ ಫೋಟೋ ಬೇಡವಾಗಿತ್ತು. "ತಲೇಲಿ ಕೂದಲು ಇರೋ ಫೋಟೋ ಹಾಕ್ರಪ್ಪ" ಅಂದರು. ತಂದೆ ಅವನ ಹೆಸರು ಬ್ಯಾನರ್ ಮೇಲೆ ಬರುವುದಕ್ಕೇ ಒಪ್ಪಿರಲಿಲ್ಲ, ಬೇಡ ಅಂತ ಬಾಯಿಬಿಟ್ಟೂ ಹೇಳಿರಲಿಲ್ಲ. ನಮಗೆ ಅದು ಗೊತ್ತಾಗಿದ್ದು ಎಷ್ಟೋ ವಾರ ಕಳೆದ ಮೇಲೆ, ಅವನ ತಂಗಿಯಿಂದ.

ತಂಗಿಯ ವಿಷಯ ಇನ್ನೂ ಸೂಕ್ಷ್ಮ. ಕರಪತ್ರದ ಕರಡಿನಲ್ಲಿ ನಮ್ಮವನೊಬ್ಬ "ಹೊಂದುವ ದಾನಿ ಸಿಗದೆ ತೀರಿಕೊಂಡ" ಅಂತ ಬರೆದಿದ್ದ. ಓದಲು ಚೆನ್ನಾಗಿತ್ತು, ಮನಸ್ಸಿಗೂ ನಾಟುತ್ತಿತ್ತು. ಅವಳು ಅದನ್ನು ನೋಡಿ, "ಈ ಸಾಲು ಓದಿದೋರು ಮೊದಲು ನನ್ನ ಮುಖ ನೋಡ್ತಾರೆ" ಅಂದಳು. ಒಡಹುಟ್ಟಿದವರ ಅಂಗಾಂಶ ಪೂರ್ತಿ ಹೊಂದುವ ಸಾಧ್ಯತೆ ಶೇಕಡಾ 25 ಮಾತ್ರ. ಅದನ್ನು ನಿರ್ಧರಿಸುವ ಜೀನ್‌ಗಳ ಗುಂಪು ಅಪ್ಪನ ಕಡೆಯ ಎರಡರಲ್ಲಿ ಒಂದು, ಅಮ್ಮನ ಕಡೆಯ ಎರಡರಲ್ಲಿ ಒಂದು ಬರುತ್ತದೆ. ಇಬ್ಬರು ಮಕ್ಕಳಿಗೂ ಅದೇ ಜೋಡಿ ಬೀಳುವುದು ಬರೀ ಅದೃಷ್ಟ. ಅವಳಿಗೆ ಹೊಂದಿರಲಿಲ್ಲ. ಅದರಲ್ಲಿ ಅವಳದೇನೂ ತಪ್ಪಿಲ್ಲ ಅಂತ ವೈದ್ಯರು ಹತ್ತು ಸಲ ಹೇಳಿದ್ದರು. ಮೇಲಾಗಿ ಅವನ ಪ್ರಾಣ ಹೋಗಿದ್ದು ಸೋಂಕಿನಿಂದ. ಆ ಸಾಲನ್ನು ತೆಗೆದೆವು.

ಆಮೇಲೆ ಮನೆಯವರ ಜೊತೆ ಕೂತು ಎಲ್ಲವನ್ನೂ ಒಂದು ಕಾಗದದ ಮೇಲೆ ಬರೆದುಕೊಂಡೆವು. ಯಾವ ಫೋಟೋ, ಕಾಯಿಲೆಯ ಬಗ್ಗೆ ಎಷ್ಟು ಹೇಳಬಹುದು, ಪತ್ರಿಕೆಯವರು ಫೋನ್ ಮಾಡಿದರೆ ಯಾರು ಮಾತಾಡಬೇಕು, ಮನೆಯವರಿಗೆ ಫೋನ್ ಹೋಗಬಹುದೋ ಬೇಡವೋ. ಕೊನೆಯಲ್ಲಿ ಒಂದು ಸಾಲು: ಯಾವಾಗ ಬೇಡ ಅನ್ನಿಸಿದರೂ ಹೇಳಬಹುದು, ಕಾರಣ ಕೊಡಬೇಕಿಲ್ಲ. ತಂದೆ ಸಹಿ ಹಾಕಿದ್ದು ಆ ಸಾಲು ಓದಿದ ಮೇಲೆ. ಬ್ಯಾನರ್‌ನಲ್ಲಿ ಪೂರ್ತಿ ಹೆಸರು ಬರಲಿಲ್ಲ, ಮನೆಯಲ್ಲಿ ಕರೆಯುತ್ತಿದ್ದ ಹೆಸರು ಬಂತು.

ಇನ್ನು ದುಡ್ಡು. ಇಡೀ ಸವಾರಿಯಲ್ಲಿ ಅತಿ ಕಡಿದಾದ ಏರು ಇದೇ.

ನಾವೇ ಒಂದು ಖಾತೆ ತೆರೆದು ಹಣ ಕೂಡಿಸಿ ಕೊನೆಗೆ ಟ್ರಸ್ಟ್‌ಗೆ ಕೊಡೋಣ ಅಂತ ಗುಂಪಿನಲ್ಲಿ ಒಂದು ಮಾತಿತ್ತು. ನಮ್ಮಲ್ಲಿ ಲೆಕ್ಕಪತ್ರದ ಕೆಲಸ ಮಾಡುವವಳೊಬ್ಬಳು ಇದ್ದಳು, ಅವಳು ಬಿಲ್‌ಕುಲ್ ಒಪ್ಪಲಿಲ್ಲ. ಒಬ್ಬರ ಸ್ವಂತ ಖಾತೆಗೆ ಊರವರ ದುಡ್ಡು ಬಂದರೆ ಅದು ಅವರ ಆದಾಯದಂತೆ ಕಾಣುತ್ತದೆ, ತೆರಿಗೆಯವರಿಗೂ ಉತ್ತರ ಕೊಡಬೇಕು, ಸಂಬಂಧಿಕರಿಗೂ ಕೊಡಬೇಕು. ದಾನ ಮಾಡಿದವರಿಗೆ ತೆರಿಗೆ ರಿಯಾಯಿತಿಯ ರಸೀದಿಯೂ ಸಿಗುವುದಿಲ್ಲ. ಹಾಗಾಗಿ ಹಣ ನೇರವಾಗಿ ಟ್ರಸ್ಟ್‌ಗೇ ಹೋಗಬೇಕು, ನಮ್ಮ ಕೈ ಮುಟ್ಟಲೇಬಾರದು ಅಂತ ತೀರ್ಮಾನ ಆಯಿತು. ನಾನು ಈಗ ಯಾರಿಗೇ ಹೇಳಿದರೂ ಮೊದಲು ಹೇಳುವುದು ಇದನ್ನೇ.

ಆದರೆ ಇದಕ್ಕೆ ಕಾಯಬೇಕಾಯಿತು. ಟ್ರಸ್ಟ್‌ನ ಹೆಸರು, ಲೋಗೋ ಬಳಸಲು ಅವರ ಪತ್ರ ಬೇಕು. ಪತ್ರಕ್ಕೆ ಅವರ ಸಮಿತಿಯ ಸಭೆ ಆಗಬೇಕು. ಸಭೆ ಒಮ್ಮೆ ಮುಂದಕ್ಕೆ ಹೋಯಿತು. ಪತ್ರ ಬಂದ ಮೇಲೆ ಆನ್‌ಲೈನ್‌ನಲ್ಲಿ ದೇಣಿಗೆ ಪುಟ ತೆರೆದೆವು. ಅಲ್ಲಿ ಇನ್ನೊಂದು ತಡೆ. ನೋಂದಣಿ ಪತ್ರದಲ್ಲಿ ಟ್ರಸ್ಟ್‌ನ ಹೆಸರಿನ ಒಂದು ಪದ ಪೂರ್ತಿ ಇದೆ, ಬ್ಯಾಂಕ್ ಖಾತೆಯಲ್ಲಿ ಅದೇ ಪದ ಚುಟುಕಾಗಿದೆ. ಅಷ್ಟಕ್ಕೇ ಪರಿಶೀಲನೆ ನಿಂತುಹೋಯಿತು. ಪುಟ ಕಾಣುತ್ತಿದೆ, ಜನ ಹಣ ಹಾಕುತ್ತಿದ್ದಾರೆ, ಹಣ ಮಾತ್ರ ನಡುವೆ ಎಲ್ಲೋ ಕೂತಿದೆ. ಗ್ರಾಹಕ ಸೇವೆಗೆ ಬರೆದರೆ ಪ್ರತಿ ಸಲವೂ ಹೊಸಬರು, ಪ್ರತಿ ಸಲವೂ ಮೊದಲಿಂದ ಕಥೆ. ಬ್ಯಾಂಕಿನಿಂದ ಒಂದು ದೃಢೀಕರಣ ಪತ್ರ ತರಿಸಿದ ಮೇಲೆ ಬಗೆಹರಿಯಿತು. ನೀವು ಪುಟ ತೆರೆಯುವ ಮುಂಚೆ ನೋಂದಣಿ ಪತ್ರ, ತೆರಿಗೆ ದಾಖಲೆ, ಬ್ಯಾಂಕ್ ಖಾತೆ ಮೂರನ್ನೂ ಅಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ. ಪುಟ ನಡೆಸುವವರು ಎಷ್ಟು ಪಾಲು ಕಡಿತ ಮಾಡುತ್ತಾರೆ, ಅದನ್ನು ಯಾರು ಭರಿಸುತ್ತಾರೆ ಅಂತಲೂ ಕೇಳಿ. ಹೊರದೇಶದಲ್ಲಿರುವ ಗೆಳೆಯರು ಹಣ ಕಳಿಸುತ್ತೇವೆ ಅಂದರೆ ಟ್ರಸ್ಟ್‌ಗೆ ಅದನ್ನು ತೆಗೆದುಕೊಳ್ಳಲು ಅನುಮತಿ ಇದೆಯೋ ಅಂತ ಮೊದಲೇ ವಿಚಾರಿಸಿ. ಎಷ್ಟೋ ದೇಶಗಳಲ್ಲಿ ಅದಕ್ಕೆ ಪ್ರತ್ಯೇಕ ಕಾನೂನು ಇರುತ್ತದೆ.

ಸವಾರಿಯ ಖರ್ಚು ಬೇರೆ ಮಾತು. ವ್ಯಾನ್ ಬಾಡಿಗೆ, ಡೀಸೆಲ್, ತಂಗುವ ಖರ್ಚು, ಊಟ, ಬಿಡಿಭಾಗ, ವಿಮೆ, ವಾಪಸ್ ಬರುವಾಗ ಸೈಕಲ್ ಪ್ಯಾಕ್ ಮಾಡಿಸುವುದು. ಇದರಲ್ಲಿ ಒಂದು ಪೈಸೆಯೂ ದೇಣಿಗೆಯಿಂದ ಬರಬಾರದು ಅಂತ ನಮ್ಮ ನಿಯಮ. ಎಲ್ಲ ಕೈಯಿಂದ ಹಾಕಿಕೊಂಡೆವು. ಸೈಕಲ್ಲಿಗೆ ಜಾಸ್ತಿ ಖರ್ಚಾಗುತ್ತದೆ ಅಂದುಕೊಂಡಿದ್ದೆವು. ನಿಜವಾಗಿ ದುಡ್ಡು ತಿಂದಿದ್ದು ವ್ಯಾನು ಮತ್ತು ರೂಮು. ಒಬ್ಬನಿಗೆ ತನ್ನ ಪಾಲು ಹಾಕಲು ಕಷ್ಟ ಇತ್ತು, ಅವನು ಹೇಳಿಕೊಳ್ಳಲಿಲ್ಲ. ಲೆಕ್ಕದವಳು ಅದನ್ನು ಹೇಗೋ ಗಮನಿಸಿ, ಯಾರಿಗೂ ಗೊತ್ತಾಗದಂತೆ ಸರಿದೂಗಿಸಿದಳು. ಗುಂಪಿನಲ್ಲಿ ಅಂಥ ಒಬ್ಬರು ಇರಲೇಬೇಕು.

ಇಂಥ ಸವಾರಿಗಳಿಗೆ ಹಳೆಯ ಪರಂಪರೆಯೇ ಇದೆ. ಅಮೆರಿಕದ ಬಿಲ್ಲಿ ಸ್ಟಾರ್ ಅನ್ನುವವರ ತಾಯಿ ಚರ್ಮದ ಕ್ಯಾನ್ಸರ್‌ನಿಂದ ತೀರಿಕೊಂಡರು. 1980ರಲ್ಲಿ ಅವರು ಗೆಳೆಯರನ್ನು ಕಟ್ಟಿಕೊಂಡು ಮ್ಯಾಸಚೂಸೆಟ್ಸ್ ರಾಜ್ಯದ ಉದ್ದಕ್ಕೆ ಸೈಕಲ್ ತುಳಿದರು, ಆಗ ಇದ್ದವರು 36 ಜನ. ಅದೇ ಈಗ ಸಾವಿರಾರು ಜನ ಸೇರುವ ಪ್ಯಾನ್-ಮ್ಯಾಸ್ ಚಾಲೆಂಜ್ ಆಗಿದೆ. ಸವಾರರು ಕೂಡಿಸುವ ಹಣವೆಲ್ಲ ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಹೋಗುತ್ತದೆ, ಏರ್ಪಾಟಿನ ಖರ್ಚು ಬೇರೆ ಕಡೆಯಿಂದ. ನಮ್ಮ ನಿಯಮಕ್ಕೂ ಅದೇ ಮಾದರಿ.

ತಯಾರಿಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ವಾರವಾರ ದೂರವನ್ನು ಸ್ವಲ್ಪಸ್ವಲ್ಪ ಏರಿಸಿ, ಕೊನೆಯ ವಾರ ಇಳಿಸಿ. ಒಂದು ಮಾತು ಮಾತ್ರ: ಒಂದು ದಿನ ಉದ್ದ ತುಳಿಯುವುದಕ್ಕೂ, ಮರುದಿನ ಎದ್ದು ಅಷ್ಟೇ ತುಳಿಯುವುದಕ್ಕೂ ಸಂಬಂಧವೇ ಇಲ್ಲ. ನಮ್ಮಲ್ಲಿ ಇಬ್ಬರು 200 ಕಿಲೋಮೀಟರ್ ಬ್ರೆವೆ ಮುಗಿಸಿದ್ದರು. ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕಾದ ಸವಾರಿ ಅದು. ಎರಡನೇ ಬೆಳಿಗ್ಗೆ ಸೀಟಿನ ಮೇಲೆ ಕೂರಲು ಅತಿ ಹೆಚ್ಚು ಮುಲುಗಿದವರು ಅವರಿಬ್ಬರೇ. ಶನಿವಾರ, ಭಾನುವಾರ ಎರಡೂ ದಿನ ತುಳಿದು ಅಭ್ಯಾಸ ಮಾಡಿ.

ಪ್ರತಿಯೊಬ್ಬರಿಂದಲೂ ಒಂದು ಪುಟದ ಫಾರಂ ತುಂಬಿಸಿಕೊಂಡೆವು. ರಕ್ತದ ಗುಂಪು, ಅಲರ್ಜಿ, ದಿನಾ ತಗೊಳ್ಳುವ ಮಾತ್ರೆ, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು. ಒಂದು ಪ್ರತಿ ವ್ಯಾನಿನಲ್ಲಿ, ಇನ್ನೊಂದು ಅವರವರ ಜೇಬಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ. ವೈದ್ಯರ ಹತ್ತಿರ ತಪಾಸಣೆಗೆ ಹೋದಾಗ ಒಬ್ಬರಿಗೆ ಬಿಪಿ ಇರುವುದು ಗೊತ್ತಾಯಿತು. ಅವರು ಸೈಕಲ್ ಬಿಟ್ಟು ವ್ಯಾನಿಗೆ ಬಂದರು. ಆವತ್ತು ಅವರ ಮುಖ ನೋಡಲು ಆಗಲಿಲ್ಲ. ಆದರೆ ವ್ಯಾನಿನಲ್ಲಿ ಅವರಿಲ್ಲದಿದ್ದರೆ ನಾವು ಅರ್ಧ ದಾರಿಯೂ ಮುಟ್ಟುತ್ತಿರಲಿಲ್ಲ. ವಿಮೆಯ ಕಾಗದವನ್ನೂ ಪೂರ್ತಿ ಓದಿ. ಸಾಮಾನ್ಯ ಪ್ರವಾಸಕ್ಕೆ ಸಿಗುವ ಎಷ್ಟೋ ಪಾಲಿಸಿಗಳು 'ಏರ್ಪಾಟಾದ ಕ್ರೀಡಾ ಕಾರ್ಯಕ್ರಮ' ಅಂದ ತಕ್ಷಣ ಕೈ ಎತ್ತುತ್ತವೆ.

ಮೊದಲ ದಿನ ಬೀಳ್ಕೊಡಲು ತುಂಬಾ ಜನ ಬಂದಿದ್ದರು. ಭಾಷಣ, ಫೋಟೋ, ಮತ್ತೆ ಭಾಷಣ. ಹೊರಡುವಾಗ ಬಿಸಿಲು ಏರಿಬಿಟ್ಟಿತ್ತು. ತಂಪು ಹೊತ್ತಿನಲ್ಲಿ ತುಳಿಯಬೇಕಿದ್ದ ದೂರವನ್ನೆಲ್ಲ ಸುಡುಬಿಸಿಲಲ್ಲಿ ತುಳಿದೆವು. ಬೀಳ್ಕೊಡುಗೆಯನ್ನು ಹಿಂದಿನ ದಿನ ಸಂಜೆಯೇ ಮುಗಿಸಿಕೊಳ್ಳಿ, ಬೆಳಿಗ್ಗೆ ಯಾರಿಗೂ ಹೇಳದೆ ಹೊರಡಿ.

ಮೊದಲೆರಡು ದಿನ ಎಲ್ಲರಿಗೂ ಹುರುಪು. ಆಮೇಲೆ ಎದುರುಗಾಳಿ ಶುರುವಾಯಿತು. ಏರಾದರೆ ಕಣ್ಣಿಗೆ ಕಾಣುತ್ತದೆ, ಮುಗಿಯುತ್ತದೆ. ಗಾಳಿ ಹಾಗಲ್ಲ, ಸಮತಟ್ಟು ರಸ್ತೆಯಲ್ಲಿ ಇಡೀ ದಿನ ಎದೆಗೆ ಕೈಕೊಟ್ಟು ತಳ್ಳುತ್ತದೆ. ಒಬ್ಬರ ಹಿಂದೆ ಒಬ್ಬರು ಹತ್ತಿರವಾಗಿ ಹೋದರೆ ಹಿಂದಿನವರಿಗೆ ಶ್ರಮ ಕಾಲು ಭಾಗದಷ್ಟಾದರೂ ಕಡಿಮೆಯಾಗುತ್ತದೆ ನಿಜ. ಆದರೆ ಅಭ್ಯಾಸವಿಲ್ಲದವರು ಮುಂದಿನವರ ಚಕ್ರಕ್ಕೆ ತಾಗಿಸಿ ಬೀಳುತ್ತಾರೆ. ನಾವು ಅಂತರ ಬಿಟ್ಟೇ ಹೋದೆವು, ಮುಂದಿನ ಜಾಗವನ್ನು ಸರದಿಯಲ್ಲಿ ಹಂಚಿಕೊಂಡೆವು.

ಹೊಟ್ಟೆಯ ವಿಷಯ ಹೇಳಲೇಬೇಕು. ದೇಹದಲ್ಲಿ ಕೂಡಿಟ್ಟ ಸಕ್ಕರೆ ಅಂಶ ಜೋರಾಗಿ ತುಳಿದರೆ ಒಂದೂವರೆ, ಎರಡು ಗಂಟೆಯಲ್ಲಿ ತಳ ಕಾಣುತ್ತದೆ. ಹಸಿವಾದ ಮೇಲೆ ತಿಂದರೆ ತಡವಾಯಿತು ಅಂತಲೇ ಲೆಕ್ಕ. ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಒಳಗೆ ಹೋಗುತ್ತಿರಬೇಕು. ಬಾಳೆಹಣ್ಣು, ಉಪ್ಪು ಹಚ್ಚಿದ ಬೇಯಿಸಿದ ಆಲೂಗೆಡ್ಡೆ, ಏನಾದರೂ ಸರಿ. ನೀರು ಕುಡೀರಿ ಕುಡೀರಿ ಅಂತ ಎಲ್ಲರೂ ಹೇಳುತ್ತಾರೆ. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆ ಸುತ್ತು, ವಾಂತಿ, ಗೊಂದಲ ಶುರುವಾಗುತ್ತದೆ, ಪ್ರಾಣಕ್ಕೂ ಅಪಾಯ. ನಮ್ಮಲ್ಲಿ ಒಬ್ಬ ಸಂಜೆ ತನ್ನ ರೂಮಿನ ನಂಬರನ್ನೇ ಮರೆತು ತಡವರಿಸಿದಾಗ ಎಲ್ಲರೂ ಹೆದರಿದೆವು. ತಡಮಾಡದೆ ವೈದ್ಯರ ಹತ್ತಿರ ಕರೆದುಕೊಂಡು ಹೋದೆವು, ಮರುದಿನ ಅವನು ವ್ಯಾನಿನಲ್ಲೇ ಮಲಗಿದ. ಬಾಯಾರಿಕೆಗೆ ತಕ್ಕಷ್ಟು ಕುಡಿಯಿರಿ, ಉಪ್ಪಿನಂಶ ಬಿಡಬೇಡಿ.

ಪಂಕ್ಚರ್‌ಗೆ ಎಲ್ಲರೂ ಸಿದ್ಧವಾಗಿ ಹೋಗುತ್ತಾರೆ. ನಮ್ಮನ್ನು ನಿಲ್ಲಿಸಿದ್ದು ಒಂದು ಕಡ್ಡಿ. ಹಿಂದಿನ ಚಕ್ರದಲ್ಲಿ ಗೇರ್ ಇರುವ ಕಡೆಯ ಕಡ್ಡಿಗಳ ಮೇಲೆ ಬಿಗಿ ಜಾಸ್ತಿ, ತುಂಡಾಗುವುದೂ ಹೆಚ್ಚಾಗಿ ಅಲ್ಲೇ. ಹೊಸ ಕಡ್ಡಿ ಹಾಕಬೇಕಾದರೆ ಗೇರ್ ಗುಚ್ಛವನ್ನೇ ಬಿಚ್ಚಬೇಕು. ನಮ್ಮ ಹತ್ತಿರ ಕಡ್ಡಿ ಇತ್ತು, ಬಿಚ್ಚುವ ಟೂಲ್ ಇರಲಿಲ್ಲ. ವ್ಯಾನಿನವರು ಊರೂರು ಅಲೆದು ಅದನ್ನು ತರುವ ಹೊತ್ತಿಗೆ ಅರ್ಧ ದಿನ ಹೋಯಿತು. ಆ ಟೂಲು, ಚೈನು ಹಿಡಿಯುವ ಪಟ್ಟಿ, ಅವರವರ ಚಕ್ರದ ಅಳತೆಯ ನಾಲ್ಕಾರು ಕಡ್ಡಿ ನಿಮ್ಮ ಪೆಟ್ಟಿಗೆಯಲ್ಲಿ ಇರಲಿ.

ಕಾದ ಆ ಅರ್ಧ ದಿನವೇ ದೊಡ್ಡ ಜಗಳ ಆಗಿದ್ದು. ಒಬ್ಬನಿಗೆ ದಿನಾ ಲೈವ್ ವಿಡಿಯೋ ಹಾಕಬೇಕು, ಆಗಲೇ ದೇಣಿಗೆ ಬರುತ್ತದೆ. ಇನ್ನೊಬ್ಬನಿಗೆ ಅದು ಸಾವನ್ನು ಜಾಹೀರಾತು ಮಾಡಿದಂತೆ. ಇಬ್ಬರದೂ ಸರಿಯೇ. ಮಾತು ಬೆಳೆದು, "ನೀನು ಆಸ್ಪತ್ರೆಗೆ ಎಷ್ಟು ಸಲ ಬಂದೆ?" ಅನ್ನುವವರೆಗೆ ಹೋಯಿತು. ದುಃಖ ಅಂದರೆ ಅಳು ಅಂತಲೇ ನಾವು ತಿಳಿದಿರುತ್ತೇವೆ ಅಲ್ವಾ. ಆದರೆ ಸುಸ್ತಾದ ಮೈಯಲ್ಲಿ ಅದು ಹೆಚ್ಚಾಗಿ ಸಿಟ್ಟಾಗಿಯೇ ಹೊರಗೆ ಬರುತ್ತದೆ.

ರಾತ್ರಿ ವ್ಯಾನಿನವರೇ ಎಲ್ಲರನ್ನೂ ಒಂದೇ ರೂಮಿನಲ್ಲಿ ಕೂರಿಸಿದರು. ಮಾತು ಎಲ್ಲಿಂದಲೋ ಸಾಲದ ಕಡೆಗೆ ಹೊರಳಿತು. ನೋಡಿದರೆ ಅವನು ನಮ್ಮೆಲ್ಲರ ಹತ್ತಿರವೂ ಸಾಲ ಮಾಡಿದ್ದ, ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಪ್ರತಿಯೊಬ್ಬರಿಗೂ "ಇದು ನಿನಗೊಬ್ಬನಿಗೇ ಹೇಳ್ತಿರೋದು" ಅಂದಿದ್ದ. ಲೆಕ್ಕದವಳು ಪೆನ್ನು ತೆಗೆದು ಕೂಡಿಸಿದಳು. ನಗು ನಿಲ್ಲಿಸಲಾಗಲಿಲ್ಲ. ಆ ಮೊತ್ತವನ್ನು ಎಲ್ಲರೂ ಸೇರಿ ಅವನ ಹೆಸರಿನಲ್ಲೇ ದೇಣಿಗೆ ಪುಟಕ್ಕೆ ಹಾಕಿದೆವು. ವಿಡಿಯೋ ವಿಷಯ ಹೀಗೆ ಬಗೆಹರಿಯಿತು: ದಿನಕ್ಕೆ ಒಂದೇ, ರಸ್ತೆ ಮತ್ತು ಸೈಕಲ್ ಮಾತ್ರ, ಅಳುವ ಮುಖ ಬೇಡ.

ದಾರಿಯಲ್ಲಿ ನಿಂತಲ್ಲೆಲ್ಲ ಜನ ಬಂದು ಮಾತಾಡಿಸಿದರು. "ಸುಮ್ನೆ ದುಡ್ಡು ಕೊಟ್ಟರೆ ಆಗಲ್ವಾ, ಸೈಕಲ್ ಯಾಕೆ?" ಅಂತ ಮೊದಲು ಕೇಳಿದವರಿಗೆ ನನ್ನ ಉತ್ತರ ಇದೇ. ಬೆವರಿಳಿಸಿಕೊಂಡು ನಿಂತವರನ್ನು ಜನ ತಾವಾಗಿಯೇ ವಿಚಾರಿಸುತ್ತಾರೆ. ಸ್ಟೆಮ್ ಸೆಲ್ ದಾನ ಅಂದ ತಕ್ಷಣ ಎಲ್ಲರಿಗೂ ಒಂದೇ ಭಯ, ಬೆನ್ನುಮೂಳೆಗೆ ಸೂಜಿ ಚುಚ್ಚುತ್ತಾರೆ ಅಂತ. ನೋಂದಣಿಗೆ ಕೆನ್ನೆಯ ಒಳಗೆ ಹತ್ತಿ ಕಡ್ಡಿ ಸವರಿದರೆ ಸಾಕು. ಮುಂದೆ ಯಾರಿಗಾದರೂ ಹೊಂದಿದರೆ, ಹೆಚ್ಚಿನವರಿಂದ ತೋಳಿನ ರಕ್ತದ ಮೂಲಕವೇ ಸಂಗ್ರಹಿಸುತ್ತಾರೆ, ಅದಕ್ಕೆ ಮುಂಚೆ ನಾಲ್ಕೈದು ದಿನ ಇಂಜೆಕ್ಷನ್ ಇರುತ್ತದೆ. ಟ್ರಸ್ಟ್‌ನವರು ನಮಗೆ ಒಂದು ಮಾತು ಹೇಳಿ ಕಳಿಸಿದ್ದರು: ಹೆಸರಿನ ಸಂಖ್ಯೆ ಏರಿಸಬೇಡಿ, ಕರೆ ಬಂದ ದಿನ ಬರುವವರನ್ನು ಮಾತ್ರ ಬರೆಸಿ. ಪ್ರತಿ ಮಾದರಿಯ ಪರೀಕ್ಷೆಗೂ ದುಡ್ಡು ಬೀಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಹೊಂದುವ ದಾನಿ ಸಿಕ್ಕಿದ್ದಾರೆ ಅಂತ ರೋಗಿಗೆ ಹೇಳಿದ ಮೇಲೆ ಆ ದಾನಿ ಹಿಂದೆ ಸರಿದರೆ ಏನಾಗಬಹುದು ಯೋಚಿಸಿ. ಹಾಗಾಗಿ ಉತ್ಸಾಹದಲ್ಲಿ ಬಂದವರಿಗೆ "ಮನೆಯಲ್ಲಿ ಮಾತಾಡಿ, ಆಮೇಲೆ ಬರೆಸಿ" ಅಂತ ಕರಪತ್ರ ಕೊಟ್ಟು ಕಳಿಸಿದೆವು. ನಮ್ಮ ಪಟ್ಟಿ ಚಿಕ್ಕದು. ನನಗೆ ಅದರ ಬಗ್ಗೆ ಬೇಸರವಿಲ್ಲ.

ಕೈ ಮರಗಟ್ಟಲು ಶುರುವಾಗಿದ್ದು ದಾರಿಯ ಕೊನೆಯ ಭಾಗದಲ್ಲಿ. ಹ್ಯಾಂಡಲ್ ಮೇಲೆ ಭಾರ ಬಿಟ್ಟು ಗಂಟೆಗಟ್ಟಲೆ ಕೂತರೆ ಅಂಗೈ ಬುಡದಲ್ಲಿ ಹಾಯುವ ಅಲ್ನಾರ್ ನರ ಒತ್ತುತ್ತದೆ, ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತವೆ. ಹಿಡಿತವನ್ನು ಆಗಾಗ ಬದಲಿಸುತ್ತಿರಿ, ಹ್ಯಾಂಡಲ್‌ಗೆ ದಪ್ಪ ಟೇಪ್ ಸುತ್ತಿ, ಸೀಟು ಮುಂದಕ್ಕೆ ಬಾಗದಂತೆ ನೋಡಿಕೊಳ್ಳಿ. ವಾರಗಳಾದರೂ ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಆಸ್ಪತ್ರೆಯ ಗೇಟು ಮುಟ್ಟಿದ ದಿನದ ಬಗ್ಗೆ ಜನ ಕೇಳುತ್ತಾರೆ. ಆ ಗೇಟಿನ ಎದುರಿನ ಬೆಂಚು, ಔಷಧಿ ಅಂಗಡಿಯ ಸಾಲು ಎಲ್ಲ ಹಾಗೇ ಇತ್ತು. ಅವನ ತಂಗಿ ಅಲ್ಲೇ ನಿಂತಿದ್ದಳು. ಯಾರೂ ಜಾಸ್ತಿ ಮಾತಾಡಲಿಲ್ಲ, ಹಾಗಾಗಿ ಬರೆಯಲೂ ಜಾಸ್ತಿ ಇಲ್ಲ.

ನಮ್ಮ ಯೋಜನೆಯ ಪ್ರಕಾರ ಅಲ್ಲಿಗೆ ತಲುಪಿದ ಕೂಡಲೇ ಎಲ್ಲರೂ ಸಾಲಾಗಿ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಕೊಡಬೇಕಿತ್ತು. ಅವನಿಗೆ ಅತಿ ಹೆಚ್ಚು ಬೇಕಾಗಿದ್ದು ಅದೇ. ಕೆಂಪು ರಕ್ತಕಣಗಳನ್ನು ಫ್ರಿಜ್‌ನಲ್ಲಿ ವಾರಗಟ್ಟಲೆ ಇಡಬಹುದು. ಪ್ಲೇಟ್‌ಲೆಟ್ ಸಾಮಾನ್ಯವಾಗಿ ಐದು ದಿನ ಅಷ್ಟೇ, ಅದೂ 20ರಿಂದ 24 ಡಿಗ್ರಿಯಲ್ಲಿ, ಸದಾ ಅಲುಗಾಡಿಸುತ್ತಾ. ಅದಕ್ಕೇ ಯಾವಾಗಲೂ ಕೊರತೆ. ಆದರೆ ರಕ್ತನಿಧಿಯ ವೈದ್ಯೆ ನಮ್ಮನ್ನು ನೋಡಿದವರೇ ತಲೆಯಾಡಿಸಿದರು. "ಇವತ್ತು ನೀವು ಯಾರೂ ಕೊಡೋ ಹಾಗಿಲ್ಲ. ನೀರಿನಂಶ ಹೋಗಿದೆ, ನಿದ್ದೆ ಇಲ್ಲ, ಅರ್ಧ ಜನ ನೋವಿನ ಮಾತ್ರೆ ನುಂಗಿದ್ದೀರಿ." ಆಸ್ಪಿರಿನ್ ಥರದ ಮಾತ್ರೆ ಪ್ಲೇಟ್‌ಲೆಟ್ ಕೆಲಸವನ್ನೇ ತಡೆಯುತ್ತದೆ. ತಗೊಂಡವರು ಎರಡು ಮೂರು ದಿನವಾದರೂ ಬಿಟ್ಟು ಬರಬೇಕು. ಮೈಯಲ್ಲಿ ನೀರಿಲ್ಲದಾಗ ಐಬುಪ್ರೊಫೇನ್ ನುಂಗುವುದು ಕಿಡ್ನಿಗೂ ಒಳ್ಳೆಯದಲ್ಲ ಅಂತ ಅವರು ಗದರಿದ್ದೂ ಆಯಿತು.

ಪತ್ರಿಕೆಯವರಿಗೆ ಹೇಳಿಯಾಗಿತ್ತು, ಬ್ಯಾನರ್ ಕಟ್ಟಿಯಾಗಿತ್ತು. ಸ್ವಾಗತಕ್ಕೆ ಬಂದಿದ್ದ ನೆಂಟರು, ಗೆಳೆಯರು ನಮ್ಮ ಬದಲು ಒಳಗೆ ಹೋದರು. ಅವರಲ್ಲಿ ಕೆಲವರು ಮೊದಲ ಸಲ ಕೊಟ್ಟವರು. ನಾವು ಹೊರಗೆ ಕೂತು ಎಳನೀರು ಕುಡಿದೆವು. ನೀವು ಇಂಥದ್ದು ಇಟ್ಟುಕೊಳ್ಳುವುದಾದರೆ ರಕ್ತನಿಧಿಯವರ ಜೊತೆ ಮೊದಲೇ ಮಾತಾಡಿ. ಸವಾರರು ವಿಶ್ರಾಂತಿ ತಗೊಂಡ ಮೇಲೆ ಬರುವ ಒಂದು ದಿನ ಗೊತ್ತು ಮಾಡಿ, ಮುಟ್ಟಿದ ದಿನ ಬೇರೆಯವರು ಕೊಡಲಿ. ಆಮೇಲೆ ನಾನು ಹೋದಾಗಲೂ ಹಿಮೋಗ್ಲೋಬಿನ್ ದಾನಕ್ಕೆ ಬೇಕಾದ 12.5 ಅನ್ನುವ ಗೆರೆಯನ್ನು ಸ್ವಲ್ಪದರಲ್ಲೇ ದಾಟಿತು.

ಸವಾರಿ ಮುಗಿದರೂ ಕೆಲಸ ಮುಗಿದಿಲ್ಲ. ದೇಣಿಗೆ ಪುಟವನ್ನು ಒಂದು ದಿನ ಗೊತ್ತು ಮಾಡಿ ಮುಚ್ಚಬೇಕು, ಇಲ್ಲದಿದ್ದರೆ ಎಳೆಯುತ್ತಲೇ ಹೋಗುತ್ತದೆ. ಒಟ್ಟು ಎಷ್ಟು ಬಂತು, ಪುಟದವರು ಎಷ್ಟು ಹಿಡಿದರು, ಟ್ರಸ್ಟ್‌ಗೆ ಎಷ್ಟು ಮುಟ್ಟಿತು, ಮೂರೂ ಸಾಲುಗಳನ್ನು ಟ್ರಸ್ಟ್‌ನ ಸ್ವೀಕೃತಿ ಪತ್ರದ ಜೊತೆ ಎಲ್ಲ ದಾನಿಗಳಿಗೂ ಕಳಿಸಿದೆವು. ಸವಾರಿಯ ಖರ್ಚಿನ ಲೆಕ್ಕವನ್ನು ಪ್ರತ್ಯೇಕವಾಗಿ ಮನೆಯವರಿಗೆ ತೋರಿಸಿದೆವು. ತಂದೆ ಎರಡೂ ಹಾಳೆಗಳನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಒಂದು ಕಡೆ ಕೂಡಿಸಿದ್ದು ತಪ್ಪಿದೆ ಅಂತ ಬೆರಳಿಟ್ಟು ತೋರಿಸಿದರು. ನಿಜ, ತಪ್ಪಿತ್ತು. ಲೆಕ್ಕದವಳು ತಿದ್ದಿದ ಹಾಳೆ ಕಳಿಸಿದ್ದಾಳೆ. ಇನ್ನು ಬಾಕಿ ಇರುವುದು ಕೆಲವರ ತೆರಿಗೆ ರಸೀದಿ, ಅವು ಬರಲು ಇನ್ನೂ ಕೆಲವು ವಾರ ಆಗುತ್ತದಂತೆ.